ಕ್ಷಮೆಗೆ ಹತ್ತು ನಿಮಿಷ, ಕಾಗದಕ್ಕೆ ನಾಲ್ಕು ತಿಂಗಳು

ಕಥೋಲಿಕ ಮನೆಯಲ್ಲಿ ಹುಟ್ಟಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ, ವರ್ಷಗಟ್ಟಲೆ ಪಾಪನಿವೇದನೆಯ (ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಸಂಸ್ಕಾರದ) ಕಡೆ ತಲೆ ಹಾಕದವರು ಮತ್ತೆ ಆ ಪೀಠದ ಮುಂದೆ ಮಂಡಿಯೂರುವವರೆಗಿನ ದಾರಿ ಇದು. ನಾವು ಈಗಷ್ಟೇ ಮುಗಿಸಿ ಬಂದಿದ್ದೇವೆ. ನಮ್ಮ ಮನೆಯ ಕಥೆಯಿಂದ ಯಾರಿಗೂ ಉಪಯೋಗವಿಲ್ಲ, ಅದನ್ನು ಬಿಡೋಣ. ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು, ಎಲ್ಲಿ ಸಿಕ್ಕಿಬೀಳುತ್ತೀರಿ, ಯಾವುದಕ್ಕೆ ಹೆದರಬೇಕಾಗಿಲ್ಲ, ಇಷ್ಟು ಸಾಕು.

ಹೊರಡುವ ಮೊದಲೇ ತಿಳಿದಿರಬೇಕಾದದ್ದು: ಇಲ್ಲಿ ಎರಡು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತವೆ, ನೋಡಲು ಒಂದೇ ಥರ ಕಾಣುತ್ತವೆ. ಒಂದು, ಮದುವೆಯನ್ನು ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ ಲೆಕ್ಕಕ್ಕೆ ತರುವುದು. ಅದಕ್ಕೆ ಅರ್ಜಿ, ಸಹಿ, ಮೊಹರು, ಕಾಯುವಿಕೆ ಎಲ್ಲ ಉಂಟು. ಇನ್ನೊಂದು ಪಾಪಕ್ಷಮೆ. ಅದಕ್ಕೆ ಅರ್ಜಿಯಿಲ್ಲ, ಫೀಸಿಲ್ಲ, ರಸೀದಿಯೂ ಇಲ್ಲ. ಈ ಎರಡನ್ನೂ ಬೆರೆಸಿಕೊಂಡವರಿಗೆ ಬಿಷಪ್ ಹೌಸಿನ ಮೊಹರು ಬೀಳುವ ತನಕ ದೇವರು ಕಾದು ಕೂತಿದ್ದಾನೆ ಎನಿಸತೊಡಗುತ್ತದೆ. ಅರ್ಧಕ್ಕರ್ಧ ಜನ ನಡುದಾರಿಯಲ್ಲಿ ಕೈಬಿಡುವುದು ಅಲ್ಲೇ ಇರಬೇಕು ಎಂದು ನಮ್ಮ ಅನಿಸಿಕೆ.

ನಿಮ್ಮ ಸ್ಥಿತಿ ಏನು ಎಂಬುದು ಮೊದಲು ಸ್ಪಷ್ಟವಾಗಲಿ. ಕಥೋಲಿಕರ ಮದುವೆ ಧರ್ಮಸಭೆಯ ದೃಷ್ಟಿಯಲ್ಲಿ ಊರ್ಜಿತವಾಗಬೇಕಾದರೆ ಅಧಿಕಾರವಿರುವ ಗುರುಗಳು ಅಥವಾ ಡೀಕನ್ (ಗುರುಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ದೀಕ್ಷೆ ಪಡೆದವರು) ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಆಗಬೇಕು. ಧರ್ಮಸಭೆಯ ಕಾನೂನು ಪುಸ್ತಕದ ಕಲಮಿಗೆ ಕ್ಯಾನನ್ ಎನ್ನುತ್ತಾರೆ, ಕ್ಯಾನನ್ 1108 ಹೇಳುವುದು ಇದನ್ನೇ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮೂವತ್ತು ದಿನ ನೋಟಿಸು ಹಾಕಿ, ಮೂವರು ಸಾಕ್ಷಿಗಳ ಎದುರು ಆದ ಮದುವೆ ಸರ್ಕಾರದ ಪಾಲಿಗೆ ನೂರಕ್ಕೆ ನೂರು ಮದುವೆ. ಧರ್ಮಸಭೆಯ ಪಾಲಿಗೆ ಅದರಲ್ಲಿ ವಿಧಿ ಬಿಟ್ಟುಹೋಗಿದೆ. ಹಾಗೆಂದು ನೀವು ಬಹಿಷ್ಕೃತರಲ್ಲ. ಈ ಬಹಿಷ್ಕಾರದ ಮಾತು ಬಹಳ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆ. 1917ರ ಧರ್ಮಸಂಹಿತೆಯಲ್ಲಿ ಬೇರೆ ಪಂಗಡದ ಪಾದ್ರಿಯ ಮುಂದೆ ಮದುವೆಯಾದವರಿಗೆ ಅಂಥ ಶಿಕ್ಷೆ ಇತ್ತು, ಅಜ್ಜಿಯಂದಿರ ಬಾಯಲ್ಲಿ ಅದೇ ಉಳಿದಿದೆ. ಈಗಿನ 1983ರ ಸಂಹಿತೆಯಲ್ಲಿ ಅದಿಲ್ಲ. ಬಲಿಪೂಜೆಗೆ ಹೋಗಬಹುದು, ಹೋಗಬೇಕು ಕೂಡ. ಮಕ್ಕಳಿಗೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಕೊಡಿಸಲು ಕೇಳಬಹುದು. ಸಾಮಾನ್ಯವಾಗಿ ಆಗದೆ ಇರುವುದು ಮುಖ್ಯವಾಗಿ ಎರಡು: ಪಾಪವಿಮೋಚನೆ ಮತ್ತು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ). ಕಾರಣ ಸರಳ. ಪಶ್ಚಾತ್ತಾಪದ ಒಳಗೇ ‘ಇನ್ನು ಮುಂದೆ ಹೀಗೆ ಮುಂದುವರಿಯುವುದಿಲ್ಲ’ ಎಂಬ ನಿರ್ಧಾರ ಇರಬೇಕು, ಮದುವೆಯನ್ನು ಹಾಗೇ ಬಿಟ್ಟು ಆ ಮಾತು ಹೇಳಲು ಬರುವುದಿಲ್ಲ. ಒಂದೊಂದು ಕುಟುಂಬದ ಪರಿಸ್ಥಿತಿಯನ್ನೂ ಬೇರೆ ಬೇರೆಯಾಗಿ ತೂಗಿ ನೋಡಿ ಎಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಬರೆದರು, ಆದ್ದರಿಂದ ಬಾಗಿಲು ಮುಚ್ಚಿದೆ ಎಂದು ನೀವೇ ತೀರ್ಮಾನಿಸಿಕೊಂಡು ಮನೆಯಲ್ಲಿ ಕೂರಬೇಡಿ. ಇಬ್ಬರಿಗೂ ಇದೇ ಮೊದಲ ಮದುವೆಯಾಗಿದ್ದರೆ ನೇರ ದಾರಿ ಇದ್ದೇ ಇದೆ. ಮದುವೆಯನ್ನು ಸರಿಪಡಿಸಿಕೊಂಡರೆ ಆಯಿತು.

ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿ ಆ ಸಂಗಾತಿ ಬದುಕಿದ್ದರೆ ಈ ಬರಹ ಸಾಲದು. ಕೋರ್ಟಿನ ವಿಚ್ಛೇದನ ಪತ್ರ ಇಲ್ಲಿ ನಡೆಯುವುದಿಲ್ಲ, ಕ್ರೈಸ್ತರಲ್ಲದ ಇಬ್ಬರ ನಡುವೆ ಹಿಂದೂ ಶಾಸ್ತ್ರದಂತೆ ಆದ ಮೊದಲ ಮದುವೆಯನ್ನೂ ಧರ್ಮಸಭೆ ಮದುವೆಯೆಂದೇ ಎಣಿಸುತ್ತದೆ. ಅಂಥವರು ಧರ್ಮಕ್ಷೇತ್ರದ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ವಿವಾಹ ನ್ಯಾಯಮಂಡಳಿಗೆ ಹೋಗಬೇಕು. ಆ ಮದುವೆ ಊರ್ಜಿತವಲ್ಲ ಎಂದು ಹಿಂದೆ ಎರಡು ಹಂತಗಳಲ್ಲೂ ಒಂದೇ ಥರದ ತೀರ್ಪು ಬರಲೇಬೇಕಿತ್ತು, 2015ರ ಡಿಸೆಂಬರ್ 8ರಿಂದ ಒಂದು ಹಂತದ ತೀರ್ಪೇ ಸಾಕು. ಆದರೂ ಅದು ವಾರಗಳ ಲೆಕ್ಕದ ಕೆಲಸವಲ್ಲ.

ಮೊದಲ ಭೇಟಿ ನೀವು ಈಗ ವಾಸವಿರುವ ಜಾಗದ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳ ಜೊತೆ. ಹುಟ್ಟೂರಿನ ಫಾದರ್ ಎಷ್ಟೇ ಬೇಕಾದವರಾಗಿರಲಿ, ಕಾಗದ ಹೊರಡುವುದು ವಾಸದ ಧರ್ಮಕೇಂದ್ರದಿಂದ. ಭಾನುವಾರ ಪೂಜೆ ಮುಗಿದ ಕೂಡಲೇ ಹಿಡಿಯಲು ಹೋಗಬೇಡಿ. ಅವರ ಸುತ್ತ ಜ್ಞಾನಸ್ನಾನಕ್ಕೆ ಬಂದವರು, ಮನೆ ಆಶೀರ್ವಾದಕ್ಕೆ ಕರೆಯಲು ಬಂದವರು, ಯುವ ಸಂಘದವರು ಎಲ್ಲ ಇರುತ್ತಾರೆ, ಈ ಮಾತು ಆ ಗದ್ದಲದಲ್ಲಿ ಬಾಯಿಗೆ ಬರುವುದೇ ಇಲ್ಲ. ವಾರದ ನಡುವೆ ಒಂದು ಸಂಜೆ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ. ಹೇಳಬೇಕಾದ್ದು ಒಂದೇ ವಾಕ್ಯ: ‘ಫಾದರ್, ರಿಜಿಸ್ಟರ್ ಮದುವೆಯಾಗಿದೆ, ಅದನ್ನು ಚರ್ಚಿನಲ್ಲಿ ಸರಿಮಾಡಿಕೊಂಡು ಪಾಪನಿವೇದನೆಗೆ ಬರಬೇಕು ಅಂತಿದ್ದೇವೆ.’ ಇಷ್ಟು ಹೇಳಿದರೆ ಅವರಿಗೆ ಮುಂದಿನದೆಲ್ಲ ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ, ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಧರ್ಮಕೇಂದ್ರದ ಆಫೀಸಿನಲ್ಲಿ ಮೇಜಿನ ಆಚೀಚೆ ಕೂತು ಆಡುವ ಮಾತು ಪಾಪನಿವೇದನೆಯಲ್ಲ. ಪಾಪನಿವೇದನೆಯ ಗುಟ್ಟನ್ನು ಬಿಟ್ಟುಕೊಟ್ಟ ಗುರುವಿಗೆ ಬಹಿಷ್ಕಾರ ತಾನೇ ತಾನಾಗಿ ಬಂದು ಬೀಳುತ್ತದೆ. ಅಲ್ಲಿ ಕೇಳಿದ್ದನ್ನು ಅವರು ಆಮೇಲೆ ನಿಮ್ಮ ವಿಷಯದಲ್ಲಿ ಬಳಸುವಂತೆಯೂ ಇಲ್ಲ. ಆಫೀಸಿನ ಸಂದರ್ಶನ ಹಾಗಲ್ಲ. ಮದುವೆಗೆ ಮುಂಚಿನ ವಿಚಾರಣೆ ಎಂದು ಒಂದು ಅಚ್ಚಾದ ಫಾರಂ ಇದೆ, ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿ ತುಂಬುತ್ತಾರೆ, ನೀವು ಸಹಿ ಹಾಕುತ್ತೀರಿ, ಅದು ಕಡತಕ್ಕೆ ಹೋಗುತ್ತದೆ. ಗುರುಗಳು ಅದನ್ನೂ ಗೌಪ್ಯವಾಗಿಯೇ ಇಡುತ್ತಾರೆ, ಆದರೆ ಅದಕ್ಕೆ ಸಂಸ್ಕಾರದ ಮುದ್ರೆಯಿಲ್ಲ. ಆದ್ದರಿಂದ ಅಲ್ಲಿ ಕೇಳಿದ್ದಕ್ಕೆ ನಿಜ ಹೇಳಿ: ಹಿಂದೆ ಮದುವೆಯಾಗಿತ್ತೇ, ಯಾರಾದರೂ ಬಲವಂತ ಮಾಡಿದರೇ, ಮಕ್ಕಳ ಬಗ್ಗೆ ಏನು ಆಲೋಚನೆ. ಮನಸ್ಸಿನ ಭಾರವನ್ನೆಲ್ಲ ಅಲ್ಲೇ ಇಳಿಸಿಬಿಡಲು ಹೋಗಬೇಡಿ. ಅದಕ್ಕೆ ಬೇರೆ ಜಾಗವಿದೆ.

ಕಾಗದಗಳ ಪೈಕಿ ಮೊದಲನೆಯದೂ ಹೆಚ್ಚು ತಡಮಾಡುವುದೂ ಜ್ಞಾನಸ್ನಾನದ ಸರ್ಟಿಫಿಕೇಟ್. ಅಮ್ಮನ ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿರುವ ಹಳೆಯ ಪ್ರತಿ ನಡೆಯುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಕೊಟ್ಟ ಹೊಸ ಪ್ರತಿಯನ್ನೇ ಕೇಳುತ್ತಾರೆ. ಯಾಕೆ ಎಂಬುದು ರಿಜಿಸ್ಟರ್ ನೋಡಿದರೆ ಗೊತ್ತಾಗುತ್ತದೆ. ಉದ್ದನೆಯ ದಪ್ಪ ಪುಸ್ತಕ, ಎರಡು ಪುಟಕ್ಕೂ ಹರಡಿದ ಸಾಲುಗಳು. ಕ್ರಮಸಂಖ್ಯೆ, ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ಹೆಸರು, ತಂದೆ, ತಾಯಿ, ಜ್ಞಾನತಂದೆ, ಜ್ಞಾನತಾಯಿ, ಕೊಟ್ಟ ಗುರುಗಳ ಸಹಿ. ಕೊನೆಗೆ ಒಂದು ಅಗಲವಾದ ಖಾಲಿ ಕಾಲಂ. ದೃಢೀಕರಣ ಸಂಸ್ಕಾರ ಆಯಿತೇ, ಮದುವೆ ಆಯಿತೇ, ಗುರುದೀಕ್ಷೆ ಆಯಿತೇ, ಎಲ್ಲ ಅಲ್ಲಿ ಬರೆಯಬೇಕು. ಎಲ್ಲಿ ಮದುವೆಯಾದರೂ ಸುದ್ದಿ ಈ ಕಾಲಮಿಗೆ ಬಂದು ಸೇರಬೇಕು, ಕ್ಯಾನನ್ 535 ಮತ್ತು 1122 ಹೇಳುವುದು ಇದನ್ನೇ. ಆ ಕಾಲಂ ಇವತ್ತಿಗೂ ಖಾಲಿ ಇದೆ ಎನ್ನುವುದೇ ನೀವು ಚರ್ಚಿನಲ್ಲಿ ಬೇರೆ ಮದುವೆಯಾಗಿಲ್ಲ ಎಂಬುದಕ್ಕೆ ಪುರಾವೆ. ಇಪ್ಪತ್ತು ವರ್ಷ ಹಳೆಯ ಪ್ರತಿ ಅದನ್ನು ಹೇಳಲಾರದು.

ತೊಡಕು ಬರುವುದು ಹೆಸರಿನಲ್ಲಿ. ರಿಜಿಸ್ಟರಿನಲ್ಲಿ ಸಂತರ ಹೆಸರು ಉದ್ದಕ್ಕೆ ಇರುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರಿನಲ್ಲಿ ಇನಿಷಿಯಲ್ಲು ಹಿಂದೆ ಮುಂದೆ. ಹುಟ್ಟಿದ ತಾರೀಖೂ ಶಾಲೆಗೆ ಸೇರಿಸುವಾಗ ಜೂನ್ ಒಂದಕ್ಕೆ ಜಿಗಿದಿರುತ್ತದೆ. ರಿಜಿಸ್ಟರಿನ ಹೆಸರು ತಿದ್ದಿಸಲು ಹೊರಟರೆ ತಿಂಗಳುಗಟ್ಟಲೆ ಅಲೆದಾಟ. ಅದರ ಬದಲು ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಡಿ, ಸಾಮಾನ್ಯವಾಗಿ ಸಾಕಾಗುತ್ತದೆ. ಹುಟ್ಟೂರಿನ ಧರ್ಮಕೇಂದ್ರಕ್ಕೆ ಬರೆಯುವಾಗ ಈಗಿನ ಹೆಸರನ್ನಲ್ಲ, ಜ್ಞಾನಸ್ನಾನದ ಹೆಸರು, ಅಂದಾಜು ವರ್ಷ, ತಂದೆತಾಯಿ ಹೆಸರು ಕೊಡಿ. ಜ್ಞಾನತಂದೆಯ ಹೆಸರು ಗೊತ್ತಿದ್ದರೆ ಅದನ್ನೂ ಸೇರಿಸಿ. ಒಂದೇ ವರ್ಷದಲ್ಲಿ ಮೂರು ಮರಿಯಾ ಸಿಕ್ಕಿದಾಗ ಕೊನೆಗೆ ಗುರುತು ಹತ್ತುವುದು ಆ ಹೆಸರಿನಿಂದಲೇ. ಅಂಚೆಯಲ್ಲಿ ಬರೆದು ಕಾದದ್ದಕ್ಕಿಂತ ಊರಲ್ಲಿರುವ ಚಿಕ್ಕಪ್ಪನನ್ನೋ ಅತ್ತಿಗೆಯನ್ನೋ ಆಫೀಸ್ ಸಮಯದಲ್ಲಿ ಕಳಿಸಿದ್ದು ಬೇಗ ಕೆಲಸ ಮಾಡಿತು.

ಸಂಗಾತಿ ಕ್ರೈಸ್ತರಲ್ಲದಿದ್ದರೆ ಕಡತ ಬಿಷಪ್ ಹೌಸಿಗೆ ಹೋಗಲೇಬೇಕು. ಜ್ಞಾನಸ್ನಾನ ಆಗದವರ ಜೊತೆ ಕಥೋಲಿಕರ ಮದುವೆಗೆ ಕ್ಯಾನನ್ 1086ರ ಅಡ್ಡಿ ಇದೆ, ಅದರಿಂದ ವಿನಾಯಿತಿ ಕೊಡಬೇಕಾದವರು ಧರ್ಮಾಧ್ಯಕ್ಷರು, ಅಂದರೆ ಬಿಷಪರು. ಸಂಗಾತಿ ಸಿಎಸ್‌ಐಯಂಥ (ಚರ್ಚ್ ಆಫ್ ಸೌತ್ ಇಂಡಿಯಾ) ಬೇರೆ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರಾದರೆ ಬೇಕಿರುವುದು ಅನುಮತಿ ಮಾತ್ರ. ಕಥೋಲಿಕರಾದ ನೀವು ಒಂದು ವಾಗ್ದಾನಕ್ಕೆ ಸಹಿ ಮಾಡಬೇಕು: ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ಕೈಲಾದ್ದೆಲ್ಲ ಮಾಡುತ್ತೇನೆ. ‘ಕೈಲಾದ್ದೆಲ್ಲ’ ಎನ್ನುವ ಮಾತು ಅಲ್ಲಿ ಮುಖ್ಯ. ಸಂಗಾತಿಗೆ ಈ ವಾಗ್ದಾನದ ವಿಷಯ ತಿಳಿದಿರಬೇಕು. ಅವರು ಮತಾಂತರ ಆಗಬೇಕಿಲ್ಲ, ಯಾರೂ ಆಗಿ ಎಂದು ಕೇಳುವುದೂ ಇಲ್ಲ. ಅವರ ಕಡೆಯಿಂದ ಬೇಕಾಗುವುದು ಗುರುತಿನ ಚೀಟಿ, ಹಿಂದೆ ಮದುವೆಯಾಗಿಲ್ಲ ಎಂಬ ಅಫಿಡವಿಟ್, ಅವರನ್ನು ಬಲ್ಲ ಇಬ್ಬರ ಹೇಳಿಕೆ, ಜೊತೆಗೆ ರಿಜಿಸ್ಟರ್ ಮದುವೆಯ ಪ್ರತಿ. ವಿವಾಹ ಸಿದ್ಧತಾ ಶಿಬಿರಕ್ಕೂ ಕಳಿಸಬಹುದು. ಹತ್ತು ವರ್ಷ ಸಂಸಾರ ಮಾಡಿದವರು ನಿಶ್ಚಿತಾರ್ಥ ಮುಗಿಸಿ ಬಂದ ಹುಡುಗ ಹುಡುಗಿಯರ ನಡುವೆ ಕೂತು ‘ಹಣಕಾಸಿನ ಹೊಂದಾಣಿಕೆ’ ಪಾಠ ಕೇಳುವುದರಲ್ಲಿ ಒಂದು ತಮಾಷೆಯೂ ಇದೆ. ಮೂರು ಭಾನುವಾರ ಪೂಜೆಯಲ್ಲಿ ಮದುವೆ ಪ್ರಕಟಣೆ ಓದುವ ಪದ್ಧತಿಯಿಂದ ಇಂಥ ಸಂದರ್ಭದಲ್ಲಿ ವಿನಾಯಿತಿ ಸಿಗುತ್ತದೆ. ಕೇಳಿಕೊಳ್ಳಿ, ಕೇಳದಿದ್ದರೆ ಊರಿಗೆಲ್ಲ ಓದಿ ಹೇಳಿಯಾರು.

ನಮಗೆ ಅತಿ ಕಷ್ಟದ್ದಾದದ್ದು ಕಾಗದವಲ್ಲ, ಒಂದು ಪ್ರಶ್ನೆ. ‘ಹಾಗಾದರೆ ಇಷ್ಟು ವರ್ಷ ನಾವು ಗಂಡ ಹೆಂಡತಿಯಲ್ಲವಾ?’ ಕ್ರೈಸ್ತರಲ್ಲದ ಸಂಗಾತಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಯಾಕೆಂದರೆ ಕ್ಯಾನನ್ 1157 ಬೇಡುವುದು ಹಳೆಯದರ ನವೀಕರಣವನ್ನಲ್ಲ, ಹೊಸದಾಗಿ ಮನಸಾರೆ ಕೊಡುವ ಒಪ್ಪಿಗೆಯನ್ನು. ಹಿಂದಿನದು ಧರ್ಮಸಭೆಯ ಲೆಕ್ಕದಲ್ಲಿ ಇರಲಿಲ್ಲ ಎಂದು ಒಪ್ಪಿಕೊಂಡೇ ಅದನ್ನು ಕೊಡಬೇಕು. ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಕಾನೂನಿನ ಮದುವೆಗೆ ಏನೂ ಆಗುವುದಿಲ್ಲ, ಪಾಸ್‌ಪೋರ್ಟಿನಿಂದ ಪಿಂಚಣಿಯವರೆಗೆ ಹಳೆಯ ತಾರೀಖೇ ನಡೆಯುತ್ತದೆ. ಮಕ್ಕಳ ಸ್ಥಾನಮಾನಕ್ಕೆ ಎಳ್ಳಷ್ಟೂ ಧಕ್ಕೆಯಿಲ್ಲ. ಇಷ್ಟಾದರೂ ಸಂಗಾತಿಗೆ ಮತ್ತೊಮ್ಮೆ ನಿಂತು ಒಪ್ಪಿಗೆ ಹೇಳುವುದು ಅವಮಾನ ಎನಿಸಿದರೆ ಜಗಳ ಮಾಡಬೇಡಿ, ಇನ್ನೊಂದು ದಾರಿಯಿದೆ. ಅದಕ್ಕೆ ಲ್ಯಾಟಿನ್ನಿನಲ್ಲಿ ‘ಸನಾತ್ಸಿಯೊ ಇನ್ ರಾದಿಚೆ’ ಎನ್ನುತ್ತಾರೆ, ಮದುವೆಯನ್ನು ಬೇರಿನಿಂದಲೇ ಊರ್ಜಿತಗೊಳಿಸುವುದು ಎಂದು ಅದರ ಅರ್ಥ, ಕ್ಯಾನನ್ 1161ರಿಂದ 1165. ಹಳೆಯ ಒಪ್ಪಿಗೆ ಇಬ್ಬರಲ್ಲೂ ಇನ್ನೂ ಇದೆ ಎಂದು ಖಚಿತವಾದರೆ ಧರ್ಮಾಧ್ಯಕ್ಷರು ಕಾಗದದ ಮೇಲೆ ಅನುಗ್ರಹಿಸಿಬಿಡುತ್ತಾರೆ, ವಿಧಿ ಬೇಡ, ಮತ್ತೆ ಒಪ್ಪಿಗೆ ಹೇಳುವುದೂ ಬೇಡ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಗುರುಗಳು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಕಡತ ಹೋದ ಮೇಲೆ ಕಾಯುವುದು. ಒಂದು ಸಹಿ ಬಿಟ್ಟುಹೋಗಿ ಕಡತ ವಾಪಸು ಬರುವುದು, ಸಂಬಂಧಪಟ್ಟವರು ಧ್ಯಾನಕೂಟಕ್ಕೆ ಹೋಗಿರುವುದು, ನಡುವೆ ಕ್ರಿಸ್ಮಸ್ಸೋ ತಪಸ್ಸುಕಾಲವೋ ಬರುವುದು, ಇವೆಲ್ಲ ಇದ್ದದ್ದೇ. ಕೊಡುವ ಮೊದಲು ಪ್ರತಿಯೊಂದು ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಈ ಕಾಲದ ನಿಜವಾದ ನೋವು ಭಾನುವಾರದ್ದು. ಪರಮಪ್ರಸಾದದ ಹೊತ್ತಿಗೆ ಬೆಂಚಿನವರೆಲ್ಲ ಎದ್ದು ಸಾಲು ಹಿಡಿಯುತ್ತಾರೆ, ನೀವು ಮೊಣಕಾಲು ಒಂದು ಪಕ್ಕಕ್ಕೆ ಸರಿಸಿ ಅವರಿಗೆ ದಾರಿ ಬಿಟ್ಟು ಕೂರುತ್ತೀರಿ. ಪಕ್ಕದ ಮನೆಯ ಹೆಂಗಸು ಒಮ್ಮೆ ತಿರುಗಿ ನೋಡಿ ಮುಂದೆ ಹೋಗುತ್ತಾಳೆ. ಐದು ನಿಮಿಷ ಅಷ್ಟೆ, ಆದರೆ ಬಲು ಉದ್ದದ ಐದು ನಿಮಿಷ.

ಧರ್ಮಸಭೆಯ ಬೋಧನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕಾದದ್ದು ಇಲ್ಲೇ. ವರಪ್ರಸಾದ ಎಂದರೆ ನಾವು ಗಳಿಸುವ ಸಂಬಳವಲ್ಲ, ದೇವರು ಸುಮ್ಮನೆ ಕೊಡುವ ಕೊಡುಗೆ. ಕಥೋಲಿಕರು ವರಪ್ರಸಾದ ಎನ್ನುತ್ತಾರೆ, ಸಿಎಸ್‌ಐಯವರು ಕೃಪೆ ಎನ್ನುತ್ತಾರೆ, ವಸ್ತು ಒಂದೇ. ಮನುಷ್ಯ ಮೊದಲ ಹೆಜ್ಜೆ ತಾನೇ ಇಟ್ಟು ಆಮೇಲೆ ದೇವರ ನೆರವು ಬರುತ್ತದೆಯೇ ಎಂಬ ತಕರಾರು ಹಳೆಯದು. ಮನುಷ್ಯ ತನ್ನ ಬಲದಿಂದಲೇ ಒಳ್ಳೆಯವನಾಗಬಲ್ಲ ಎಂದ ಪೆಲಾಜಿಯಸನ ಜೊತೆ ಸಂತ ಅಗಸ್ಟಿನ್ ಕಾದಾಡಿದ್ದು ಈ ಸುತ್ತಿನ ವಿಷಯಕ್ಕೇ, 529ರಲ್ಲಿ ಈಗಿನ ಫ್ರಾನ್ಸಿನ ಓರಾಂಜಿನಲ್ಲಿ ಸೇರಿದ ಬಿಷಪರ ಸಭೆ ತೀರ್ಮಾನ ಕೊಟ್ಟಿತು: ವಿಶ್ವಾಸದ ಮೊದಲ ಮಿಡಿತವೂ ಕೃಪೆಯಿಂದಲೇ ಬಂದದ್ದು. ಅಂದರೆ ಇಷ್ಟು ವರ್ಷದ ಮೇಲೆ ‘ಒಮ್ಮೆ ಹೋಗಿ ಫಾದರ್ ಹತ್ತಿರ ಮಾತಾಡೋಣ’ ಎಂದು ಹೊಳೆದಿತ್ತಲ್ಲ, ಕೆಲಸ ಅಲ್ಲಿಗಾಗಲೇ ಶುರುವಾಗಿತ್ತು. ಬಿಷಪ್ ಹೌಸಿನ ಮೊಹರು ಅದನ್ನು ಶುರು ಮಾಡುವುದಿಲ್ಲ. ಇನ್ನೊಂದು ಮಾತೂ ಗೊತ್ತಿರಲಿ. ಶಿಕ್ಷೆಯ ಭಯದಿಂದಲ್ಲದೆ ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪಶ್ಚಾತ್ತಾಪಕ್ಕೆ ಪರಿಪೂರ್ಣ ಪಶ್ಚಾತ್ತಾಪ ಎನ್ನುತ್ತಾರೆ. ಆದಷ್ಟು ಬೇಗ ಪಾಪನಿವೇದನೆ ಮಾಡುತ್ತೇನೆ ಎಂಬ ಗಟ್ಟಿ ನಿರ್ಧಾರ ಜೊತೆಗಿದ್ದರೆ ಮಾರಕ ಪಾಪವೂ ಆ ಕ್ಷಣವೇ ಕ್ಷಮಿಸಲ್ಪಡುತ್ತದೆ. ಸಾವಿನ ಅಪಾಯವಿದ್ದರಂತೂ ಯಾವ ಗುರುಗಳಾದರೂ ಪಾಪವಿಮೋಚನೆ ಕೊಡಬಹುದು, ಗುರುಪಟ್ಟ ಬಿಟ್ಟುಹೋದವರು ಕೂಡ. ಯಾವ ಕಡತಕ್ಕೂ ಕಾಯಬೇಕಿಲ್ಲ.

ಖರ್ಚಿನ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ಪಾಪನಿವೇದನೆಗೆ ಒಂದು ಪೈಸೆಯೂ ಇಲ್ಲ, ಕೈಗೆ ನೋಟು ಹಿಡಿಸಲು ಹೋಗಿ ಗುರುಗಳನ್ನೂ ನಿಮ್ಮನ್ನೂ ಮುಜುಗರಕ್ಕೆ ಸಿಕ್ಕಿಸಬೇಡಿ. ಸರ್ಟಿಫಿಕೇಟು, ಕಚೇರಿ, ಶಿಬಿರ ಇವುಗಳ ಶುಲ್ಕ ಧರ್ಮಕ್ಷೇತ್ರದಿಂದ ಧರ್ಮಕ್ಷೇತ್ರಕ್ಕೆ ಬೇರೆ, ರಸೀದಿ ಪಡೆಯಿರಿ. ನಿಗದಿಯಾದ ಕಾಣಿಕೆಗಿಂತ ಹೆಚ್ಚು ಕೇಳಬಾರದು, ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪಬಾರದು ಎಂದು ಕ್ಯಾನನ್ 848 ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಕೈಬಿಟ್ಟದ್ದರಲ್ಲಿ ದೊಡ್ಡ ಪಾಲು ನೋಟರಿಗೂ ಬಸ್ಸಿಗೂ ಹೋಯಿತು.

ಅನುಮತಿ ಬಂದ ಮೇಲೆ ದಿನ ಗೊತ್ತುಮಾಡುತ್ತಾರೆ. ಪಾಪನಿವೇದನೆ ಅದಕ್ಕೆ ಮುಂಚೆ, ಸಾಧ್ಯವಾದರೆ ಹಿಂದಿನ ಸಂಜೆ. ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರವೇ ಹೇಳಬೇಕೆಂದಿಲ್ಲ. ದಿನವೂ ಮುಖ ನೋಡುವವರ ಮುಂದೆ ನಾಲಿಗೆ ಏಳದಿದ್ದರೆ ಬೇರೆ ಚರ್ಚಿಗೆ ಹೋಗಿ. ಬೆಂಗಳೂರಿನಲ್ಲಾದರೆ ಶಿವಾಜಿನಗರದ ಸಂತ ಮರಿಯ ಬಸಿಲಿಕವೋ ವಿವೇಕನಗರದ ಬಾಲಯೇಸು ದೇವಾಲಯವೋ ಇವೆ, ಅಲ್ಲಿ ಗುರುತಿನವರು ಸಿಗುವ ಸಂಭವ ಕಡಿಮೆ. ವಿವೇಕನಗರದಲ್ಲಿ ಗುರುವಾರ ಕಾಲಿಡಲು ಜಾಗವಿರುವುದಿಲ್ಲ, ಬೇರೆ ದಿನ ಹೋಗಿ. ಪವಿತ್ರ ವಾರದ ಉದ್ದ ಸಾಲಿನಲ್ಲಿ ಹತ್ತಾರು ವರ್ಷದ ಲೆಕ್ಕ ಇಟ್ಟುಕೊಂಡು ನಿಲ್ಲಬೇಡಿ, ಹಿಂದಿನವರ ಕೆಮ್ಮು ನಿಮ್ಮನ್ನು ಅವಸರಪಡಿಸುತ್ತದೆ. ಸಮಯ ಕೇಳಿಕೊಂಡೇ ಹೋಗುವುದು ಒಳ್ಳೆಯದು. ಭಾಷೆಯ ತೊಂದರೆಯಿದ್ದರೆ ದುಭಾಷಿಯನ್ನೂ ಇಟ್ಟುಕೊಳ್ಳಬಹುದು, ಅವರೂ ಗುಟ್ಟಿಗೆ ಬದ್ಧರು. ಆದರೆ ಕನ್ನಡ ಬಲ್ಲ ಗುರುಗಳನ್ನು ಹುಡುಕುವುದೇ ಸುಲಭ. ಮಂಗಳೂರು ಕಡೆಯವರು ‘ಕುಮ್ಸಾರ್’ ಎಂದರೆ, ಹಳಬರು ‘ಪಾಪಸಂಕೀರ್ತನೆ’ ಎಂದರೆ ಗಾಬರಿಯಾಗಬೇಡಿ, ಎಲ್ಲ ಇದೇ. ಫೋನಿನಲ್ಲಿ, ವಾಟ್ಸಾಪಿನಲ್ಲಿ ಪಾಪನಿವೇದನೆ ನಡೆಯುವುದಿಲ್ಲ.

ತಯಾರಿಗೆ ದಶಾಜ್ಞೆಗಳನ್ನು ಒಂದೊಂದಾಗಿ ಹಿಡಿದು ಆತ್ಮಪರಿಶೋಧನೆ ಮಾಡುವುದು ವಾಡಿಕೆ. ಇಲ್ಲೊಂದು ಸಣ್ಣ ಗೊಂದಲ ಕಾದಿರುತ್ತದೆ. ಕಥೋಲಿಕರ ಎಣಿಕೆಯಲ್ಲಿ ವ್ಯಭಿಚಾರ ಮಾಡಬೇಡ ಎಂಬುದು ಆರನೆಯದು, ಸಿಎಸ್‌ಐ ಮತ್ತು ಇತರ ಅನೇಕ ಸಭೆಗಳ ಎಣಿಕೆಯಲ್ಲಿ ಏಳನೆಯದು. ವಿಗ್ರಹದ ಮಾತನ್ನು ಅವರು ಬೇರೆ ಆಜ್ಞೆಯಾಗಿ ಎಣಿಸುವುದರಿಂದ ಹೀಗೆ. ‘ಏಳನೇ ಆಜ್ಞೆ ಮೀರಿದ್ದೇನೆ ಫಾದರ್’ ಎಂದರೆ ಅವರು ಕಳ್ಳತನ ಎಂದುಕೊಂಡಾರು. ಸಂಖ್ಯೆ ಬಿಡಿ, ಮಾಡಿದ್ದನ್ನು ಹೆಸರಿಟ್ಟು ಹೇಳಿ.

ಎಷ್ಟು ಹೇಳಬೇಕು? ಮಾರಕ ಪಾಪಗಳನ್ನು ಬಗೆ ಮತ್ತು ಸಂಖ್ಯೆ ಸಹಿತ ಹೇಳಬೇಕು ಎನ್ನುತ್ತದೆ ಕ್ಯಾನನ್ 988. ಮಾರಕ ಎನ್ನಿಸಿಕೊಳ್ಳಲು ಮೂರೂ ಕೂಡಬೇಕು: ವಿಷಯ ಗಂಭೀರವಿರಬೇಕು, ಅದು ತಪ್ಪೆಂದು ಪೂರಾ ಗೊತ್ತಿರಬೇಕು, ಗೊತ್ತಿದ್ದೂ ಮನಸಾರೆ ಮಾಡಿರಬೇಕು. ಸಂಖ್ಯೆ ಎಂದ ಕೂಡಲೇ ಡೈರಿ ಹುಡುಕಬೇಡಿ. ‘ಏಳೆಂಟು ವರ್ಷ ಭಾನುವಾರದ ಪೂಜೆಗೆ ಹೋಗಿಲ್ಲ, ಹಬ್ಬಕ್ಕೆ ಮಾತ್ರ ಹೋಗುತ್ತಿದ್ದೆ’ ಎಂದರೆ ಸಂಖ್ಯೆ ಬಂದ ಹಾಗೆಯೇ. ಚೀಟಿ ಬರೆದುಕೊಂಡು ಹೋಗಬಹುದು, ಮುಗಿದ ಮೇಲೆ ಹರಿದುಹಾಕುವುದನ್ನು ಮರೆಯಬೇಡಿ. ಜೇಬಿನಲ್ಲೇ ಬಿಟ್ಟು ಬಟ್ಟೆ ಒಗೆಯಲು ಹಾಕಿದವರುಂಟು. ಸಾಮಾನ್ಯ ತಪ್ಪು ಎಂದರೆ ಕಥೆ ಹೇಳುವುದು: ಅತ್ತೆ ಏನಂದರು, ನಾದಿನಿ ಏನು ಮಾಡಿದಳು, ಅದಕ್ಕೆ ನನಗೆ ಸಿಟ್ಟು ಬಂತು. ಅದು ಅತ್ತೆಯ ಪಾಪನಿವೇದನೆ ಆಗುತ್ತದೆ. ಬೇರೆಯವರ ಹೆಸರು ಬೇಡ, ಜೊತೆಗಾರರ ಹೆಸರು ಕೇಳುವ ಹಾಗೆ ಗುರುಗಳಿಗೂ ಇಲ್ಲ. ನಿಜವಾಗಿ ಮರೆತದ್ದು ಉಳಿದದ್ದರ ಜೊತೆಗೇ ಕ್ಷಮಿಸಲ್ಪಡುತ್ತದೆ, ನೆನಪಾದಾಗ ಮುಂದಿನ ಸಲ ಹೇಳಿದರೆ ಸಾಕು. ಬೇಕೆಂದೇ ಒಂದನ್ನು ಮುಚ್ಚಿಟ್ಟರೆ ಮಾತ್ರ ಇಡೀ ನಿವೇದನೆಯೇ ಕೆಡುತ್ತದೆ. ಆದ್ದರಿಂದ ಯಾವುದನ್ನು ಹೇಳಲು ಗಂಟಲು ಕಟ್ಟುತ್ತದೋ ಅದನ್ನೇ ಮೊದಲು ಹೇಳಿಬಿಡಿ, ಉಳಿದದ್ದು ತಾನಾಗಿ ಬರುತ್ತದೆ. ಗರ್ಭಪಾತದ ವಿಷಯವಾದರೆ ಬಿಷಪರ ಬಳಿಗೇ ಹೋಗಬೇಕು ಎಂದು ಹಿರಿಯರು ಹೆದರಿಸಬಹುದು. ಪೋಪ್ ಫ್ರಾನ್ಸಿಸ್ 2016ರ ನವೆಂಬರ್‌ನಲ್ಲಿ ಆ ಕ್ಷಮೆಯ ಅಧಿಕಾರವನ್ನು ಎಲ್ಲ ಗುರುಗಳಿಗೂ ಶಾಶ್ವತವಾಗಿ ಕೊಟ್ಟಿದ್ದಾರೆ.

ಪೀಠದಲ್ಲಿ ನಿಮಗೂ ಗುರುಗಳಿಗೂ ನಡುವಿನ ಜಾಲರಿ ಮರದ್ದೋ ಹಿತ್ತಾಳೆಯದೋ ಇರುತ್ತದೆ, ಬಾಯಿ ತಾಕುವ ಎತ್ತರದಲ್ಲಿ ಜನರ ಉಸಿರಿಗೆ ಪಾಲಿಶ್ ಮಾಸಿರುತ್ತದೆ. ಆಚೆ ಒಂದು ಕಿವಿ, ಕೊರಳಲ್ಲಿ ನೇರಳೆ ಸ್ಟೋಲಿನ ಅಂಚು, ಅಷ್ಟೇ ಕಾಣುವುದು. ಎದುರು ಬದುರು ಕುರ್ಚಿಯಲ್ಲಿ ಕೂತು ಹೇಳುವ ಪದ್ಧತಿಯೂ ಈಗ ಇದೆ, ಆದರೆ ಜಾಲರಿ ಬೇಕೆಂದವರಿಗೆ ಅದು ಇರಲೇಬೇಕು. ಶಿಲುಬೆ ಗುರುತು ಹಾಕಿ ‘ಪಾಪಿಯಾದ ನನ್ನನ್ನು ಆಶೀರ್ವದಿಸಿ ಸ್ವಾಮಿ, ಪಾಪನಿವೇದನೆ ಮಾಡಿ ಇಷ್ಟು ವರ್ಷ ಆಯಿತು’ ಎಂದು ಶುರು ಮಾಡಿ. ವರ್ಷದ ಲೆಕ್ಕ ಕೇಳಿ ಯಾರೂ ಬೈಯುವುದಿಲ್ಲ. ಮುಂದಿನದು ಮರೆತುಹೋಗಿದೆ ಎಂದರೆ ಅವರೇ ಕೈಹಿಡಿದು ನಡೆಸುತ್ತಾರೆ. ಪಶ್ಚಾತ್ತಾಪದ ಜಪ ಬಾಯಿಪಾಠ ಬರದಿದ್ದರೆ ‘ಸ್ವಾಮಿ, ಪಾಪಿಯಾದ ನನ್ನ ಮೇಲೆ ಕರುಣೆಯಿಡು’ ಎಂಬ ಒಂದು ಸಾಲೂ ನಡೆಯುತ್ತದೆ, ಯೇಸು ಹೇಳಿದ ಕಥೆಯಲ್ಲಿ ಸುಂಕದವನು ದೇವಾಲಯದಲ್ಲಿ ಹೇಳಿದ್ದೂ ಅಷ್ಟೇ. ಆಮೇಲೆ ಗುರುಗಳು ಕೈ ಚಾಚಿ ಪಾಪವಿಮೋಚನೆಯ ಮಾತು ಹೇಳುತ್ತಾರೆ. ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿಮ್ಮ ಪಾಪಗಳಿಂದ ನಿಮ್ಮನ್ನು ಬಿಡಿಸುತ್ತೇನೆ ಎಂಬುದು ಅದರ ತಿರುಳು. ಅದಕ್ಕೆ ‘ಆಮೆನ್’ ಎನ್ನಿ. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರುವುದಿಲ್ಲ. ಇಷ್ಟೇನಾ ಎನಿಸುತ್ತದೆ. ಕಣ್ಣೀರು ಬಾರದಿದ್ದರೆ ಏನೋ ತಪ್ಪಾಗಿದೆ ಎಂದುಕೊಳ್ಳಬೇಡಿ. ಕೆಲವರಿಗೆ ಎದೆ ಹಗುರಾಗುತ್ತದೆ, ಕೆಲವರಿಗೆ ಬರೀ ಹಸಿವಾಗುತ್ತದೆ. ಕ್ಷಮೆ ನಿಂತಿರುವುದು ನಿಮ್ಮ ಭಾವನೆಯ ಮೇಲಲ್ಲ.

ಪ್ರಾಯಶ್ಚಿತ್ತವಾಗಿ ಮೂರು ಪರಲೋಕ ಜಪವನ್ನೋ ಒಂದು ಕೀರ್ತನೆಯನ್ನೋ ಕೊಟ್ಟರೆ ‘ಹತ್ತು ವರ್ಷಕ್ಕೆ ಇಷ್ಟು ಕಡಿಮೆಯೇ’ ಎಂಬ ಅನುಮಾನ ಏಳುತ್ತದೆ. ಇದರ ಹಿಂದೆ ಉದ್ದದ ಚರಿತ್ರೆಯಿದೆ. ಮೊದಲ ಶತಮಾನಗಳಲ್ಲಿ ದೊಡ್ಡ ಪಾಪ ಮಾಡಿದವರು ವರ್ಷಗಟ್ಟಲೆ ಎಲ್ಲರೆದುರು ಪ್ರಾಯಶ್ಚಿತ್ತ ಮಾಡಿ, ಅದು ಮುಗಿದ ಮೇಲೆ ಧರ್ಮಸಭೆಯ ಒಳಗೆ ಮರಳುತ್ತಿದ್ದರು. ಐರ್ಲೆಂಡಿನ ಸನ್ಯಾಸಿಗಳು ಏಕಾಂತದ ಪಾಪನಿವೇದನೆಯನ್ನು ಹರಡಿದಾಗ ಯಾವ ಪಾಪಕ್ಕೆ ಎಷ್ಟು ದಿನ ಉಪವಾಸ ಎಂಬ ಪಟ್ಟಿಗಳೂ ಬಂದವು. ದಂಡ ಕಟ್ಟಿದರೆ ಬಿಡುಗಡೆ ಎಂಬ ಭಾವನೆ ಆ ಪಟ್ಟಿಗಳ ನೆರಳು. ಆಮೇಲೆ ಕ್ರಮವೇ ತಿರುಗಿತು. ಈಗ ಮೊದಲು ಕ್ಷಮೆ, ಆಮೇಲೆ ಪ್ರಾಯಶ್ಚಿತ್ತ. ಬೆಲೆಯಾಗಿದ್ದರೆ ಮುಂಗಡ ಕೇಳುತ್ತಿದ್ದರು. ಕಾಲಿನ ಮೂಳೆ ಕೂಡಿಕೊಂಡ ಮೇಲೂ ನಡೆದು ಅಭ್ಯಾಸ ಮಾಡಬೇಕಲ್ಲ, ಹಾಗೆ ಇದು. ಹೇಳಿದ ಜಪವನ್ನು ಅಲ್ಲೇ ಬೆಂಚಿನಲ್ಲಿ ಕೂತು ಮುಗಿಸಿ, ಮನೆಗೆ ಹೋದರೆ ಮರೆಯುತ್ತೀರಿ. ಪರಿಹಾರ ಕಟ್ಟಿಕೊಡುವುದು ಮಾತ್ರ ಬೇರೆಯೇ ಮಾತು. ಕದ್ದ ಹಣವನ್ನು ಹಿಂದಿರುಗಿಸಬೇಕು, ಹಾಳುಮಾಡಿದ ಹೆಸರನ್ನು ಸಾಧ್ಯವಾದಷ್ಟು ಸರಿಪಡಿಸಬೇಕು. ಜಪಸರ ಎಷ್ಟು ಸುತ್ತು ತಿರುಗಿಸಿದರೂ ಅದಕ್ಕೆ ಬದಲಾಗದು. ಹೆಸರು ಹೇಳದೆ ತಲುಪಿಸಬಹುದು, ಹೇಗೆಂದು ಗುರುಗಳನ್ನೇ ಕೇಳಿ.

ನಡುವೆ ಪಾದ್ರಿ ಯಾಕೆ, ನೇರ ದೇವರನ್ನೇ ಕೇಳಬಾರದೇ ಎಂದು ಪ್ರೊಟೆಸ್ಟೆಂಟ್ ಸ್ನೇಹಿತರು ಕೇಳಿಯಾರು. ಕಥೋಲಿಕರು ಯೊವಾನ್ನನ ಸುವಾರ್ತೆಯ 20ನೇ ಅಧ್ಯಾಯ ತೋರಿಸುತ್ತಾರೆ, ಪುನರುತ್ಥಾನವಾದ ಯೇಸು ಶಿಷ್ಯರಿಗೆ ಕ್ಷಮಿಸುವ ಅಧಿಕಾರ ಕೊಟ್ಟದ್ದು ಅಲ್ಲಿದೆ. ಲೂಥರ್ ಕೂಡ ಏಕಾಂತದ ಪಾಪನಿವೇದನೆಯನ್ನು ತೆಗೆದುಹಾಕಲಿಲ್ಲ, ಬಲವಂತ ಮಾಡುವುದನ್ನಷ್ಟೇ ಬೇಡವೆಂದ. ಮನುಷ್ಯ ನೀತಿವಂತನಾಗುವುದು ತನ್ನ ಪುಣ್ಯದಿಂದಲ್ಲ, ಕೃಪೆಯಿಂದ ಎಂಬ ವಿಷಯದಲ್ಲಿ ಕಥೋಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಜಂಟಿ ಹೇಳಿಕೆಗೆ ಸಹಿ ಹಾಕಿದ್ದಾರೆ. ಊಟದ ಮೇಜಿನಲ್ಲಿ ಜಗಳ ಹತ್ತಿದರೆ ಇದನ್ನು ನೆನಪಿಸಿ.

ಮದುವೆಯ ವಿಧಿ ಚಿಕ್ಕದು. ಕ್ರೈಸ್ತರಲ್ಲದ ಸಂಗಾತಿಯ ಜೊತೆಗಾದರೆ ಬಲಿಪೂಜೆ ಇಲ್ಲದೆ, ವಾಚನ, ಒಪ್ಪಿಗೆ, ಉಂಗುರ, ಆಶೀರ್ವಾದ ಇಷ್ಟರಲ್ಲಿ ನಡೆಯುತ್ತದೆ. ಇಬ್ಬರು ಸಾಕ್ಷಿಗಳು ಸಾಕು, ಮೊದಲೇ ಹೇಳಿಟ್ಟಿರಿ. ಕೊನೆಯ ಗಳಿಗೆಯಲ್ಲಿ ಸಾಕ್ಷಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಚರ್ಚ್ ನೋಡಿಕೊಳ್ಳುವ ಕುಟ್ಟಿಯಣ್ಣನೋ ಮಾಲಿಯೋ ಸಹಿ ಹಾಕಬೇಕಾದೀತು, ಅದೂ ನಡೆಯುತ್ತದೆ. ಹೊಸ ತಾಳಿ, ಹೊಸ ಉಂಗುರ ಕೊಳ್ಳಲು ಓಡಬೇಡಿ, ಇರುವುದನ್ನೇ ಆಶೀರ್ವದಿಸಿ ಕೊಡುತ್ತಾರೆ. ಪರಮಪ್ರಸಾದಕ್ಕೆ ಮುಂದಿನ ಬಲಿಪೂಜೆಯವರೆಗೆ ಕಾಯಬೇಕು. ಪರಮಪ್ರಸಾದ ತೆಗೆದುಕೊಳ್ಳುವ ಒಂದು ಗಂಟೆ ಮುಂಚಿನಿಂದ ನೀರು, ಔಷಧ ಬಿಟ್ಟು ಏನೂ ಸೇವಿಸಬಾರದು. ವರ್ಷಗಳ ಅಭ್ಯಾಸ ತಪ್ಪಿದವರು ಚರ್ಚಿನ ಗೇಟಿನ ಬಳಿ ಕಾಫಿ ಕುಡಿದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಇಲ್ಲಿಗೆ ಮುಗಿಯಿತು ಎಂದು ಎಲ್ಲರೂ ಕೈತೊಳೆದುಕೊಳ್ಳುತ್ತಾರೆ, ಇನ್ನೊಂದು ಕೆಲಸ ಉಳಿದಿರುತ್ತದೆ. ಮದುವೆ ನಡೆದ ಧರ್ಮಕೇಂದ್ರದಿಂದ ಜ್ಞಾನಸ್ನಾನ ಆದ ಧರ್ಮಕೇಂದ್ರಕ್ಕೆ ಸೂಚನೆ ಹೋಗಬೇಕು. ಅದು ಎಷ್ಟೋ ಸಲ ಹೋಗುವುದಿಲ್ಲ, ಹೋದರೂ ಮೇಜಿನ ಡ್ರಾದಲ್ಲೇ ಉಳಿಯುತ್ತದೆ. ಎರಡು ತಿಂಗಳು ಬಿಟ್ಟು ಜ್ಞಾನಸ್ನಾನದ ಇನ್ನೊಂದು ಹೊಸ ಪ್ರತಿ ತರಿಸಿ. ಕೊನೆಯ ಆ ಅಗಲದ ಕಾಲಮಿನಲ್ಲಿ ಮದುವೆಯ ದಿನ, ಚರ್ಚಿನ ಹೆಸರು, ಸಂಗಾತಿಯ ಹೆಸರು ಒಂದು ಸಾಲಾಗಿ ಬಂದಿರಬೇಕು. ಸಂಗಾತಿಯ ಹೆಸರಿನ ಅಕ್ಷರ ಸರಿಯಿದೆಯೇ ನೋಡಿ. ನಮ್ಮದರಲ್ಲಿ ಒಂದು ಕೊಂಬು ತಪ್ಪಿತ್ತು, ಮತ್ತೆ ಊರಿನ ಬಸ್ಸು ಹತ್ತಬೇಕಾಯಿತು.